ಸಿ.ಡಿ. ಒರೆಸುವ ಮುನ್ನ

ಮಳೆಗಾಲ ಕಳೆದು ಬಿಸಿಲು ಬಿದ್ದ ಕೂಡಲೇ ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಕಪಾಟುಗಳ ಬಾಗಿಲು ತೆರೆಯುತ್ತದೆ. ಬೂಷ್ಟು ಹಿಡಿದ ರೇಷ್ಮೆ ಸೀರೆ, ಹಳೆಯ ಪುಸ್ತಕ, ಚರ್ಮದ ಚೀಲ, ಕಂಬಳಿ ಎಲ್ಲವೂ ಅಂಗಳಕ್ಕೆ ಬರುತ್ತವೆ. ಆ ರಾಶಿಯ ಜತೆಗೆ ಸಿ.ಡಿ., ಡಿ.ವಿ.ಡಿ.ಗಳ ಒಂದು ಕಟ್ಟೂ ಬರುತ್ತದೆ. ಮಗಳ ಮದುವೆಯದು, ಅಣ್ಣನ ಮಗನ ಉಪನಯನದ್ದು, ಊರ ದೇವಸ್ಥಾನದ ಬ್ರಹ್ಮಕಲಶದ್ದು, ಯಾರೋ ಅಭಿಮಾನಿ ರೆಕಾರ್ಡ್ ಮಾಡಿ ಹಂಚಿದ ತಾಳಮದ್ದಳೆಯದು. ಸೀರೆ, ಪುಸ್ತಕ ಬಿಸಿಲು ಕಾಯಲಿ. ಆ ಡಿಸ್ಕುಗಳ ಕಟ್ಟನ್ನು ಮಾತ್ರ ದಯವಿಟ್ಟು ಬಿಸಿಲಿಗೆ ಇಡಬೇಡಿ. ಅದನ್ನು ಶುಚಿ ಮಾಡುವ ಕ್ರಮವೇ ಬೇರೆ. ಇವತ್ತು ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕೆಂದಿದ್ದೇನೆ.

ಅಂಗಡಿಯಲ್ಲಿ ಕೊಂಡ ಭಾವಗೀತೆಯ ಸಿ.ಡಿ.ಗೂ ಸ್ಟುಡಿಯೋದವರು ಬರೆದುಕೊಟ್ಟ ಮದುವೆಯ ಡಿಸ್ಕಿಗೂ ಹೊರಗಿನಿಂದ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಒಳಗೆ ಅವು ಬೇರೆ ಬೇರೆ ಜಾತಿಯವು. ಅಂಗಡಿಯ ಸಿ.ಡಿ.ಯನ್ನು ಕಾರ್ಖಾನೆಯಲ್ಲಿ ಅಚ್ಚು ಒತ್ತಿ ತಯಾರಿಸುತ್ತಾರೆ. ಹಾಡು ಪ್ಲಾಸ್ಟಿಕ್ಕಿನಲ್ಲೇ ಸಣ್ಣ ಸಣ್ಣ ಕುಳಿಗಳಾಗಿ ಮೂಡಿರುತ್ತದೆ. ಬರೆಸಿದ ಡಿಸ್ಕಿನಲ್ಲಿ ಆ ಕುಳಿಗಳಿಲ್ಲ. ಅಲ್ಲಿರುವುದು ಸಾವಯವ ಬಣ್ಣದ ಒಂದು ತೆಳು ಪದರ. ಬರೆಯುವಾಗ ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಡಿಸ್ಕನ್ನು ಮಗುಚಿ ನೋಡಿದರೆ ನೀಲಿಯೋ ತಿಳಿಹಸಿರೋ ಬಂಗಾರದ್ದೋ ಛಾಯೆ ಕಂಡರೆ ಅದು ಬರೆಸಿದ ಸಿ.ಡಿ.; ನೇರಳೆ ಛಾಯೆ ಇದ್ದರೆ ಬರೆಸಿದ ಡಿ.ವಿ.ಡಿ. ಬಿಸಿಲಿನ ನೇರಳಾತೀತ ಕಿರಣಕ್ಕೆ ಈ ಬಣ್ಣ ಮಾಸುತ್ತದೆ. ಮಾಸಿತೆಂದರೆ ಸುಟ್ಟ ಜಾಗ ಯಾವುದು, ಸುಡದ ಜಾಗ ಯಾವುದು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಬೂಷ್ಟು ಹೋಗಲೆಂದು ಅಂಗಳದಲ್ಲಿ ಹರಡಿದ ಡಿಸ್ಕಿನಿಂದ ಮದುವೆಯೇ ಹೋಗಿರುತ್ತದೆ.

ಇದರಲ್ಲಿ ನನಗೆ ಬಹಳ ಕಳವಳ ತರುವ ಸಂಗತಿ ಇನ್ನೊಂದಿದೆ. ಸಿ. ಅಶ್ವತ್ಥ್ ಅವರ ಹಾಡಿನ ಸಿ.ಡಿ. ಹಾಳಾದರೆ ಆ ಹಾಡು ಬೇರೆಲ್ಲಾದರೂ ಸಿಗುತ್ತದೆ. ನಿಮ್ಮ ಅಜ್ಜಿ ಹಸೆಯ ಹಾಡು ಹೇಳಿದ ಆ ಐದು ನಿಮಿಷ ಬೇರೆಲ್ಲೂ ಇಲ್ಲ. ಸ್ಟುಡಿಯೋದವರು ಮದುವೆಯನ್ನು ಚಿತ್ರೀಕರಿಸಿದ ಟೇಪನ್ನು ಮುಂದಿನ ಮದುವೆಗೆ ಬಳಸಿ ಎಷ್ಟೋ ಕಾಲವಾಗಿರುತ್ತದೆ. ಅಂದರೆ ಗಟ್ಟಿಯಾದ ಡಿಸ್ಕಿಗೆ ಸಾವಿರಾರು ಪ್ರತಿಗಳಿವೆ, ದುರ್ಬಲವಾದ ಡಿಸ್ಕು ಒಂದೇ ಒಂದು. ನಾವು ಶುಚಿ ಮಾಡಲು ಕೈಗೆತ್ತಿಕೊಳ್ಳುವುದು ಹೆಚ್ಚಾಗಿ ಈ ಒಂದೇ ಒಂದನ್ನು.

ಡಿಸ್ಕಿನ ಒಳರಚನೆ ಗೊತ್ತಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ತಾನಾಗಿ ಹೊಳೆಯುತ್ತದೆ. ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಕಂಪನಿಗಳು ಸೇರಿ ಸಿ.ಡಿ.ಯನ್ನು ರೂಪಿಸಿದವು. ಮೊದಲ ಪ್ಲೇಯರ್ ಜಪಾನಿನ ಮಾರುಕಟ್ಟೆಗೆ ಬಂದದ್ದು 1982ರ ಅಕ್ಟೋಬರ್‌ನಲ್ಲಿ. ಆಗ ಗೊತ್ತುಪಡಿಸಿದ ಅಳತೆ ಇವತ್ತಿಗೂ ಹಾಗೇ ಇದೆ: ಅಡ್ಡಳತೆ 120 ಮಿಲಿಮೀಟರ್, ದಪ್ಪ 1.2 ಮಿಲಿಮೀಟರ್. ಈ ದಪ್ಪದಲ್ಲಿ ಹೆಚ್ಚುಕಡಿಮೆ ಎಲ್ಲವೂ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಅದರ ಮೇಲೆ, ಅಂದರೆ ಹೆಸರು ಅಚ್ಚಾದ ಬದಿಗೆ, ಅಲ್ಯೂಮಿನಿಯಂ ಅಥವಾ ಬೆಳ್ಳಿಯ ಒಂದು ಲೇಪ. ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು ತೆಳು. ಅದರ ಮೇಲೆ ಒಂದು ಕೈ ವಾರ್ನಿಷ್, ಅದರ ಮೇಲೆ ಅಚ್ಚಿನ ಶಾಯಿ. ಅಷ್ಟೇ.

ಹೊಳೆಯುವ ಬದಿಯಲ್ಲೇ ಹಾಡು ಇದೆ ಎಂದು ತಿಳಿದು ನಾವು ಅದನ್ನು ಮೇಲೆ ಮಾಡಿ, ಹೆಸರಿನ ಬದಿಯನ್ನು ಮೇಜಿಗೆ ಒತ್ತಿ ಇಡುತ್ತೇವೆ. ಹಾಡು ಇರುವುದು ಹೆಸರಿನ ಬದಿಯ ಅಡಿಯಲ್ಲೇ. ಕೆಳಗಿನಿಂದ ನೋಡಿದರೆ ಅದಕ್ಕೆ ಒಂದು ಮಿಲಿಮೀಟರಿಗೂ ಹೆಚ್ಚು ದಪ್ಪದ ಪ್ಲಾಸ್ಟಿಕ್ಕಿನ ರಕ್ಷಣೆ ಇದೆ. ಮೇಲಿನಿಂದ ವಾರ್ನಿಷ್ ಮಾತ್ರ. ಹೊಳೆಯುವ ಬದಿಗೆ ಗೀರು ಬಿದ್ದರೆ ಬೆಳಕಿನ ದಾರಿಗೆ ಅಡ್ಡಿಯಾಗುತ್ತದೆ, ಒಳಗಿನ ಬರಹಕ್ಕೆ ಏನೂ ಆಗಿರುವುದಿಲ್ಲ. ಹೆಸರಿನ ಬದಿಗೆ ಗೀರು ಬಿದ್ದರೆ ಬರಹವೇ ಕಿತ್ತು ಹೋಗುತ್ತದೆ. ಮದುವೆಯ ತಾರೀಕನ್ನು ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಆ ಅಕ್ಷರಗಳ ಅಡಿಯಲ್ಲಿದ್ದ ಚಿತ್ರವೂ ಹೋಗಬಹುದು. ಡಿ.ವಿ.ಡಿ.ಯಲ್ಲಿ ಹೀಗಿಲ್ಲ. ಅಲ್ಲಿ 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು ಅಂಟಿಸಿ ಒಂದು ಮಾಡಿರುತ್ತಾರೆ, ಬರಹ ನಡುವೆ ಇರುತ್ತದೆ. ಮೇಲಿನ ಗೀರಿಗೆ ಅದು ಹೆದರಬೇಕಿಲ್ಲ. ಆದರೆ ಬಾಗಿಸಿದರೆ ಆ ಅಂಟು ಬಿಡುತ್ತದೆ. ಡಬ್ಬಿಯಿಂದ ತೆಗೆಯುವಾಗ ಅಂಚನ್ನು ಹಿಡಿದು ಎಳೆದು ಬಾಗಿಸುವವರೇ ಹೆಚ್ಚು. ನಡುವಿನ ಗುಬುಟನ್ನು ಒಂದು ಬೆರಳಿನಿಂದ ಒತ್ತಿ ಹಿಡಿದರೆ ಅದರ ಹಲ್ಲುಗಳು ಸಡಿಲಾಗಿ ಡಿಸ್ಕು ತಾನೇ ಮೇಲೇಳುತ್ತದೆ.

ಇನ್ನು ಓದುವ ಬೆಳಕಿನ ವಿಷಯ. ಕೇಳಲು ಸ್ವಲ್ಪ ಸೂಕ್ಷ್ಮ ಅನಿಸಬಹುದು, ಆದರೆ ಒರೆಸುವ ಕ್ರಮದ ಗುಟ್ಟು ಅಲ್ಲೇ ಇದೆ. ಸಿ.ಡಿ. ಓದುವ ಲೇಸರ್ ಕಿರಣ ಪ್ಲಾಸ್ಟಿಕ್ಕನ್ನು ಹೊಗುವಾಗ ಸುಮಾರು ಮುಕ್ಕಾಲು ಮಿಲಿಮೀಟರ್ ಅಗಲವಾಗಿರುತ್ತದೆ. ಒಳಗೆ ಹೋಗುತ್ತಾ ಹೋಗುತ್ತಾ ಕಿರಿದಾಗಿ, ಬರಹದ ಪದರವನ್ನು ಮುಟ್ಟುವಾಗ ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿಗಿಂತಲೂ ಸಣ್ಣ ಚುಕ್ಕೆಯಾಗುತ್ತದೆ. ಹಾಗಾಗಿ ಮೇಲ್ಮೈಯಲ್ಲಿ ಕೂತ ಧೂಳಿನ ಕಣ ಆ ಅಗಲವಾದ ಬೆಳಕಿನಲ್ಲಿ ಒಂದು ಚೂರನ್ನಷ್ಟೇ ಮರೆಮಾಡುತ್ತದೆ. ಲೇಸರಿಗೆ ಅದು ಇದ್ದೂ ಇಲ್ಲದ ಹಾಗೆ. ಚೆನ್ನಾಗಿ ಹಾಡುತ್ತಿರುವ ಡಿಸ್ಕಿನ ಮೇಲೆ ಸ್ವಲ್ಪ ಧೂಳು ಕಂಡಿತೆಂದು ಅದನ್ನು ಉಜ್ಜಬೇಕಾಗಿಲ್ಲ. ಪ್ರತಿ ಸಲ ಹಾಕುವ ಮುಂಚೆ ಅಂಗಿಯ ತುದಿಯಿಂದ ಒಂದು ಸುತ್ತು ತಿಕ್ಕುವ ಅಭ್ಯಾಸ ಎಷ್ಟೋ ಜನರಿಗಿದೆ. ಧೂಳು ಮಾಡದ ಹಾನಿಯನ್ನು ಆ ತಿಕ್ಕುವಿಕೆ ಮಾಡುತ್ತದೆ, ಏಕೆಂದರೆ ಧೂಳೆಂದರೆ ಬಹುಪಾಲು ಮಣ್ಣು, ಮರಳಿನ ಕಣ. ಪಾಲಿಕಾರ್ಬೊನೇಟ್ ಅದಕ್ಕಿಂತ ಮೆತ್ತನೆಯದು.

ಬೆಳಕಿನ ಈ ಉಪಾಯ ಸಾಲದೆ ಹೋದಾಗ ಗಣಿತ ಕೈಹಿಡಿಯುತ್ತದೆ. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸೊಲೊಮನ್ ಎಂಬ ಇಬ್ಬರು 1960ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಕಳೆದುಹೋದ ಸಂಖ್ಯೆಗಳನ್ನು ಉಳಿದವುಗಳಿಂದ ಲೆಕ್ಕ ಹಾಕಿ ಮರಳಿ ಪಡೆಯುವ ವಿಧಾನವಿತ್ತು. ಸಿ.ಡಿ. ನಿಂತಿರುವುದು ಅದರ ಮೇಲೆ. ಹಾಡಿನ ಪ್ರತಿ 24 ಬೈಟಿಗೆ 8 ಬೈಟು ಕಾವಲಿನ ಸಂಖ್ಯೆಗಳನ್ನು ಸೇರಿಸುತ್ತಾರೆ. ಅಷ್ಟೇ ಅಲ್ಲ, ಒಂದು ಪತ್ರದ ಅಕ್ಷರಗಳನ್ನು ನೂರು ಪುಟಗಳಲ್ಲಿ ಚದುರಿಸಿ ಬರೆದ ಹಾಗೆ, ಒಂದೇ ಕ್ಷಣದ ಸಂಗೀತವನ್ನು ದೂರ ದೂರ ಹಂಚಿ ಬರೆಯುತ್ತಾರೆ. ಒಂದು ಪುಟ ಹರಿದರೆ ಪ್ರತಿ ಪತ್ರದಿಂದ ಒಂದೆರಡು ಅಕ್ಷರವಷ್ಟೇ ಹೋಗುತ್ತದೆ, ಅದನ್ನು ತುಂಬಿಕೊಳ್ಳಬಹುದು. ಬರಹದ ಸಾಲಿನಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಉದ್ದ ಸಂಪೂರ್ಣ ಮಾಯವಾದರೂ ಸಿ.ಡಿ. ಪ್ಲೇಯರ್ ಒಂದು ಸ್ವರವನ್ನೂ ಬಿಡದೆ ಹಾಡುತ್ತದೆ. ಅದಕ್ಕಿಂತ ಹೆಚ್ಚಾದರೆ ಹಿಂದಿನ ಮುಂದಿನ ಧ್ವನಿಯನ್ನು ನೋಡಿ ನಡುವಿನದನ್ನು ಊಹಿಸುತ್ತದೆ. ಅದೂ ಆಗದಿದ್ದಾಗ ಮಾತ್ರ ನಮ್ಮ ಕಿವಿಗೆ 'ಟಕ್ ಟಕ್' ಕೇಳುವುದು, ಹಾಡು ಒಂದೇ ಕಡೆ ನಿಂತು ಕುಣಿಯುವುದು.

ಎರಡೂವರೆ ಮಿಲಿಮೀಟರ್ ಎಂಬ ಆ ಲೆಕ್ಕವನ್ನು ನೆನಪಿಡಿ. ಬರಹದ ಸಾಲು ಡಿಸ್ಕಿನ ಒಳಸುತ್ತಿನಿಂದ ಹೊರಟು ಹೊರಗಿನ ಅಂಚಿನವರೆಗೆ ಸುರುಳಿ ಸುರುಳಿಯಾಗಿ ಸಾಗುತ್ತದೆ. ಸುತ್ತಿಗೂ ಸುತ್ತಿಗೂ ನಡುವಿನ ಅಂತರ 1.6 ಮೈಕ್ರೋಮೀಟರ್, ಒಂದು ತಲೆಗೂದಲನ್ನು ಅಡ್ಡ ಇಟ್ಟರೆ ಅದರಡಿಯಲ್ಲಿ ನಲವತ್ತು ಸುತ್ತುಗಳಾದರೂ ಅಡಗುತ್ತವೆ. ತುಂಬಿದ ಸಿ.ಡಿ.ಯ ಸುರುಳಿಯನ್ನು ಬಿಚ್ಚಿ ಉದ್ದಕ್ಕೆ ಎಳೆದರೆ ಐದು ಕಿಲೋಮೀಟರಿಗೂ ಹೆಚ್ಚು. ಈಗ ಎರಡು ಗೀರುಗಳನ್ನು ಕಲ್ಪಿಸಿಕೊಳ್ಳಿ. ಒಂದು ನಡುವಿನ ರಂಧ್ರದಿಂದ ಅಂಚಿಗೆ ನೇರವಾಗಿ ಹೋಗುವ ಗೀರು. ಅದು ಸಾವಿರಾರು ಸುತ್ತುಗಳನ್ನು ದಾಟುತ್ತದೆ, ಆದರೆ ಪ್ರತಿ ಸುತ್ತಿನಲ್ಲೂ ಅದು ಕೆಡಿಸುವುದು ತನ್ನ ಅಗಲದಷ್ಟನ್ನು ಮಾತ್ರ, ಅಂದರೆ ಮಿಲಿಮೀಟರಿನ ಒಂದು ಚೂರು. ರೀಡ್ ಮತ್ತು ಸೊಲೊಮನ್ನರ ಗಣಿತಕ್ಕೆ ಅದು ಸುಲಭದ ಕೆಲಸ. ಇನ್ನೊಂದು ಸುತ್ತಿನ ಜತೆಗೇ ಬಳಸಿ ಹೋಗುವ ಗೀರು. ನೋಡಲು ಅದು ಚಿಕ್ಕದಿರಬಹುದು, ಬೆರಳುಗುರಿನಷ್ಟೇ ಉದ್ದವಿರಬಹುದು. ಆದರೆ ಒಂದೇ ಸಾಲಿನಲ್ಲಿ ಒಂದು ಸೆಂಟಿಮೀಟರ್ ಹೋಯಿತೆಂದರೆ ಯಾವ ಲೆಕ್ಕವೂ ಅದನ್ನು ತರಲಾರದು.

ವೃತ್ತಾಕಾರವಾಗಿ ಒರೆಸಬೇಡಿ, ಒಳಗಿನಿಂದ ಹೊರಕ್ಕೆ ನೇರವಾಗಿ ಒರೆಸಿ ಎಂದು ಹೇಳುವುದಕ್ಕೆ ಕಾರಣ ಇದು. ಎಷ್ಟೇ ಮೆದುವಾದ ಬಟ್ಟೆಯಾದರೂ ಒಂದು ಕಣ ಅದರಲ್ಲಿ ಸಿಕ್ಕಿ ಗೀರು ಎಳೆಯಬಹುದು ಎಂದು ಒಪ್ಪಿಕೊಂಡೇ ಆ ನಿಯಮ ಹುಟ್ಟಿದೆ. ಗೀರು ಬೀಳುವುದಾದರೆ ವಾಸಿಯಾಗುವ ದಿಕ್ಕಿನಲ್ಲಿ ಬೀಳಲಿ ಎಂಬ ವಿವೇಕ ಅದರಲ್ಲಿದೆ. ಗ್ರಾಮಫೋನ್ ತಟ್ಟೆ ಒರೆಸಿ ರೂಢಿಯಾದ ಹಿರಿಯರ ಕೈ ಸುತ್ತಲೂ ತಿರುಗುತ್ತದೆ. ಆ ತಟ್ಟೆಗೆ ಅದೇ ಸರಿ, ಅಲ್ಲಿ ಧೂಳು ಕೂತಿರುವುದು ಸುತ್ತಲೂ ಕೊರೆದ ತೋಡಿನ ಒಳಗೆ. ಇಲ್ಲಿ ಕೈಯನ್ನು ಹೊಸದಾಗಿ ಪಳಗಿಸಬೇಕು.

ಈಗ ಕೆಲಸಕ್ಕೆ ಕೈ ಹಾಕೋಣ. ಮೊದಲು ಕೈ ತೊಳೆದು ಚೆನ್ನಾಗಿ ಒಣಗಿಸಿಕೊಳ್ಳಿ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಬೆರಳಲ್ಲಿದ್ದರೆ ಮುಂದಿನದೆಲ್ಲ ವ್ಯರ್ಥ. ಡಿಸ್ಕನ್ನು ಹೊರಗಿನ ಅಂಚು ಮತ್ತು ನಡುವಿನ ರಂಧ್ರ ಇಷ್ಟರಲ್ಲೇ ಹಿಡಿಯಿರಿ. ಬಲ್ಬಿನ ಕೆಳಗೆ ಓರೆಯಾಗಿ ಹಿಡಿದು ನೋಡಿ: ಧೂಳೋ, ಬೆರಳಚ್ಚೋ, ಬೂಷ್ಟೋ, ಗೀರೋ? ಆಮೇಲೆ ಹೆಸರಿನ ಬದಿಯನ್ನು ನಿಮ್ಮ ಕಡೆಗಿಟ್ಟು ಬಲ್ಬಿಗೆ ಅಡ್ಡ ಹಿಡಿಯಿರಿ. ಸೂಜಿ ಚುಚ್ಚಿದಂಥ ಬೆಳಕಿನ ಚುಕ್ಕೆಗಳು ಕಂಡರೆ ಅಲ್ಲಿ ಲೋಹದ ಪದರ ಹೋಗಿದೆ ಎಂದರ್ಥ. ಅದು ಕೊಳೆಯಲ್ಲ, ಎಷ್ಟು ತೊಳೆದರೂ ಸರಿಯಾಗುವುದಿಲ್ಲ. ಅಂಥ ಡಿಸ್ಕನ್ನು ಒರೆಸುವುದರಲ್ಲಿ ಸಮಯ ಕಳೆಯದೆ ಇರುವಷ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ನೋಡಬೇಕು. ನಡುವಿನ ರಂಧ್ರದ ಸುತ್ತ ಬಿರುಕು ಇದೆಯೇ ಎಂದೂ ನೋಡಿ. ಹಳೆಯ ಕಂಪ್ಯೂಟರುಗಳ ವೇಗದ ಡ್ರೈವ್‌ಗಳು ಡಿಸ್ಕನ್ನು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನಷ್ಟು ತಿರುಗಿಸುತ್ತವೆ. ಬಿರುಕು ಬಿಟ್ಟದ್ದು ಒಳಗೇ ಸಿಡಿದು ಚೂರಾಗಬಹುದು, ಡ್ರೈವನ್ನೂ ಕೆಡಿಸಬಹುದು.

ಬರೀ ಧೂಳಾದರೆ ಕ್ಯಾಮೆರಾ ಲೆನ್ಸಿಗೆ ಗಾಳಿ ಊದುವ ರಬ್ಬರ್ ಬುರುಡೆ ಸಿಗುತ್ತದಲ್ಲ, ಅದರಿಂದ ಊದಿದರೆ ಮುಗಿಯಿತು. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಬೆರಳಚ್ಚು ಇದ್ದರೆ ಬಟ್ಟೆ ಬೇಕು. ಹಲವು ವರ್ಷ ಒಗೆದು ಮೆದುವಾದ ಹತ್ತಿ ಪಂಚೆಯ ತುಂಡು ಒಳ್ಳೆಯದು. ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆಯೂ ಆದೀತು, ಅದು ಒಗೆದು ಶುಚಿಯಾಗಿದ್ದರೆ. ಟಿಶ್ಯೂ ಕಾಗದ ಬೇಡ, ಅದರ ನಾರಿಗೇ ಗೀರುವ ಗುಣವಿದೆ. ಸೆರಗು ಬೇಡ, ಜರಿಯ ಎಳೆ ಯಾವಾಗ ತಾಗುತ್ತದೆ ಹೇಳಲಾಗದು. ಗಾಳಿ ಊದಿದ ನಂತರವೇ ಬಟ್ಟೆ ಮುಟ್ಟಿಸಿ. ರಂಧ್ರದ ಬಳಿಯಿಂದ ಅಂಚಿಗೆ ಒಂದು ಎಳೆತ, ಬಟ್ಟೆಯ ಬೇರೆ ಭಾಗ ಹಿಡಿದು ಇನ್ನೊಂದು ಎಳೆತ, ಹೀಗೆ ಸುತ್ತ ಬನ್ನಿ. ಒತ್ತಡ ಬೇಕಿಲ್ಲ.

ಅಷ್ಟಕ್ಕೂ ಹೋಗದಿದ್ದರೆ ನೀರು. ಇಲ್ಲಿ ನಮ್ಮ ನೀರಿನ ಬಗ್ಗೆ ಒಂದು ಮಾತು. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದು ಒಣಗಲು ಬಿಟ್ಟರೆ ಹನಿ ನಿಂತ ಕಡೆಯೆಲ್ಲ ಸುಣ್ಣದ ಬಿಳಿ ಕಲೆ ಕೂರುತ್ತದೆ, ಅದನ್ನು ತೆಗೆಯಲು ಮತ್ತೆ ಉಜ್ಜಬೇಕಾಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, ಆಸಿಡ್ ಅಲ್ಲ ಎಂಬುದನ್ನು ಚೀಟಿ ನೋಡಿ ಖಚಿತಪಡಿಸಿಕೊಳ್ಳಿ. ಅದರಲ್ಲಿ ಪಾತ್ರೆ ತೊಳೆಯುವ ದ್ರವದ ಸೋಪು ಒಂದೇ ತೊಟ್ಟು. ಹೊಳೆಯುವ ಬದಿಯನ್ನು ಅದರಿಂದ ಒದ್ದೆ ಮಾಡಿ, ಒದ್ದೆ ಬಟ್ಟೆಯಲ್ಲಿ ಅದೇ ಒಳಗಿನಿಂದ ಹೊರಗಿನ ದಿಕ್ಕಿನಲ್ಲಿ ಒರೆಸಿ, ಸೋಪಿಲ್ಲದ ನೀರಿನಲ್ಲಿ ಜಾಲಾಡಿ, ಒಣ ಬಟ್ಟೆಯನ್ನು ಒತ್ತಿ ನೀರು ಹೀರಿಸಿ. ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ಬಕೆಟ್ಟಿನಲ್ಲಿ ನೆನೆಹಾಕುವುದು ಬೇಡ. ಹೆಸರಿನ ಬದಿಯಲ್ಲಿ ಇಂಕ್‌ಜೆಟ್ ಪ್ರಿಂಟರಿನಿಂದ ವಧೂವರರ ಚಿತ್ರ ಮುದ್ರಿಸಿದ್ದರೆ ಆ ಬದಿಗೆ ನೀರು ತಾಗಿಸಲೇಬಾರದು, ಬಣ್ಣ ಕರಗಿ ಹರಿಯುತ್ತದೆ. ಅಂಟಿಸಿದ ಕಾಗದದ ಲೇಬಲ್ ಇದ್ದರೆ ಅರ್ಧ ಬಿಟ್ಟಿದ್ದರೂ ಕೀಳಬೇಡಿ. ಅದರ ಜತೆ ಲೋಹದ ಪದರವೇ ಎದ್ದು ಬರುತ್ತದೆ.

ಎಣ್ಣೆ ಜಿಡ್ಡು, ಗೋಂದು ಇಂಥವಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಸರಿ. ಮೊಬೈಲ್ ರಿಪೇರಿಯವರು ಐ.ಪಿ.ಎ. ಎಂದು ಹೇಳುವುದು ಇದನ್ನೇ. ಡಿಸ್ಕಿನ ಮೇಲೆ ಸುರಿಯಬಾರದು. ಬಟ್ಟೆಗೆ ಸ್ವಲ್ಪ ಹಾಕಿ, ಹೊಳೆಯುವ ಬದಿಗೆ ಮಾತ್ರ. ಹತ್ತಿರದಲ್ಲಿ ದೀಪ, ಒಲೆ ಇರಬಾರದು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಫ್ರೆಡ್ ಬೈಯರ್ಸ್ ಗ್ರಂಥಾಲಯಗಳಿಗೆಂದು 2003ರಲ್ಲಿ ಬರೆದ ಕೈಪಿಡಿಯೂ ಹಟಮಾರಿ ಕೊಳೆಗೆ ಇದನ್ನೇ ಹೇಳುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರನ್ನು ಇದರ ಬದಲಿಗೆ ಬಳಸಬೇಡಿ. ಚರ್ಮ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್ ಸೇರಿಸಿರುತ್ತಾರೆ, ಆ ಜಿಡ್ಡು ಡಿಸ್ಕಿನ ಮೇಲೆ ಉಳಿಯುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಕೈಗೆ ಸಿಗುತ್ತವೆಂದು ಅವನ್ನು ತರುವವರಿದ್ದಾರೆ. ಇವು ಯಾವುವೂ ಬೇಡ. ನೇಲ್ ಪಾಲಿಶ್ ತೆಗೆಯುವ ದ್ರವವಂತೂ ಕೂಡದು. ಅದರಲ್ಲಿರುವ ಅಸಿಟೋನ್ ಪಾಲಿಕಾರ್ಬೊನೇಟನ್ನೇ ಮಂಜಾಗಿಸಿ ಬಿರುಕು ಬಿಡಿಸುತ್ತದೆ. ಬಟ್ಟೆ ಒಗೆಯುವ ಪುಡಿ, ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಬೂದಿ, ಸೀಗೆಪುಡಿ ಇವಕ್ಕೂ ಇಲ್ಲಿ ಕೆಲಸವಿಲ್ಲ.

ಬೂಷ್ಟಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಆಗುಂಬೆಯ ಸುತ್ತಮುತ್ತಲವರಿಗೆ, ಮಡಿಕೇರಿಯವರಿಗೆ, ಕರಾವಳಿಯವರಿಗೆ ಧೂಳಿಗಿಂತ ದೊಡ್ಡ ಶತ್ರು ಅದು. ಮಧ್ಯ ಅಮೆರಿಕದ ಬೆಲೀಜ್ ಎಂಬ ಬಿಸಿ, ತೇವದ ನಾಡಿನಲ್ಲಿದ್ದ ಒಂದು ಸಿ.ಡಿ.ಯ ಒಳಗೆ ಶಿಲೀಂಧ್ರ ಬೆಳೆದು ಲೋಹದ ಪದರವನ್ನೂ ಪ್ಲಾಸ್ಟಿಕ್ಕನ್ನೂ ತಿಂದದ್ದನ್ನು ಸ್ಪೇನಿನ ವಿಜ್ಞಾನಿಗಳು ಕಂಡರು. 2001ರಲ್ಲಿ ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. ಅಂಥದು ಅಪರೂಪ. ನಮ್ಮ ಕಪಾಟಿನ ಬೂಷ್ಟು ಸಾಮಾನ್ಯವಾಗಿ ಮೇಲ್ಮೈಯಲ್ಲೇ ಇರುತ್ತದೆ. ಅದು ತಿನ್ನುವುದು ಪ್ಲಾಸ್ಟಿಕ್ಕನ್ನಲ್ಲ, ನಮ್ಮ ಬೆರಳು ಬಿಟ್ಟ ಜಿಡ್ಡನ್ನು, ಡಬ್ಬಿಯೊಳಗಿನ ಕಾಗದವನ್ನು. ಆದ್ದರಿಂದ ಮೊದಲು ಆ ಕಾಗದವನ್ನು ಬೇರೆ ಮಾಡಿ. ಅದು ಬಿಸಿಲಿಗೆ ಹೋಗಲಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ನೆರಳಿನಲ್ಲಿ ಕೂತು ಕೆಲಸ ಮಾಡಿ. ಬೂಷ್ಟಿನ ಪುಡಿ ಉಸಿರಿಗೆ ಒಳ್ಳೆಯದಲ್ಲ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಅದು ಹರಡುತ್ತದೆ. ಆಗಲೇ ಹೇಳಿದ ಸೋಪಿನ ನೀರು, ಆಮೇಲೆ ಐ.ಪಿ.ಎ. ತಾಗಿಸಿದ ಬಟ್ಟೆ, ಇಷ್ಟು ಸಾಕು. ಹಳೆಯ ಡಬ್ಬಿಯನ್ನು ತೊಳೆದು ಪೂರ್ತಿ ಒಣಗಿಸದೆ ಡಿಸ್ಕನ್ನು ಅದರೊಳಗೆ ಮರಳಿ ಇಟ್ಟರೆ ಮುಂದಿನ ಮಳೆಗಾಲದವರೆಗೂ ಕಾಯಬೇಕಾಗಿಲ್ಲ, ಬೂಷ್ಟು ಮತ್ತೆ ಬರುತ್ತದೆ.

ಗೀರಿಗೆ ಟೂತ್‌ಪೇಸ್ಟ್ ಹಚ್ಚಿದರೆ ಹೋಗುತ್ತದಂತೆ, ಹೌದೇ ಎಂದು ಬಹಳ ಜನ ಕೇಳುತ್ತಾರೆ. ಅದರಲ್ಲಿ ಸತ್ಯಾಂಶವಿದೆ. ಟೂತ್‌ಪೇಸ್ಟಿನಲ್ಲಿ ನುಣ್ಣನೆಯ ಉಜ್ಜುಪುಡಿ ಇರುತ್ತದೆ, ಅದು ಗೀರಿನ ಚೂಪಾದ ಅಂಚುಗಳನ್ನು ಸವೆಸಿ ಬೆಳಕು ದಾಟುವಂತೆ ಮಾಡಬಲ್ಲದು. ಆದರೆ ಅದು ಶುಚಿಮಾಡುವ ಕೆಲಸವಲ್ಲ, ಪ್ಲಾಸ್ಟಿಕ್ಕನ್ನು ಅರೆದು ತೆಗೆಯುವ ಕೆಲಸ. ಒಂದು ಗೀರನ್ನು ತೆಗೆಯಲು ಹೋಗಿ ಸಾವಿರ ಸೂಕ್ಷ್ಮ ಗೀರುಗಳ ಮಂಜನ್ನು ಬರಿಸುತ್ತೇವೆ. ಒಂದೇ ಪ್ರತಿ ಇರುವ ಡಿಸ್ಕಿಗೆ ಇದನ್ನು ಮಾಡಲು ನಾನು ಹೇಳಲಾರೆ. ಬೇರೆ ಎಲ್ಲ ದಾರಿ ಮುಚ್ಚಿದ ಮೇಲೆ, ಗೀರು ಇರುವ ಜಾಗಕ್ಕಷ್ಟೇ, ಅದೂ ಒಳಗಿನಿಂದ ಹೊರಕ್ಕೆ. ಬ್ಲೂ-ರೇ ಡಿಸ್ಕಿಗೆ ಎಂದೂ ಬೇಡ. ಅದರ ಬರಹ ಮೇಲ್ಮೈಯಿಂದ 0.1 ಮಿಲಿಮೀಟರ್ ಆಳದಲ್ಲಷ್ಟೇ ಇದೆ, ಮೇಲೆ ಗಟ್ಟಿ ಲೇಪ ಕೊಟ್ಟಿದ್ದಾರೆ. ಆ ಲೇಪವನ್ನು ಉಜ್ಜಿ ತೆಗೆದರೆ ಉಳಿಯುವುದೇನೂ ಇಲ್ಲ.

ಹೊಸ ಡಿಸ್ಕು ಹಾಕಿದರೂ ತಡವರಿಸುವುದಾದರೆ ತಪ್ಪು ಡಿಸ್ಕಿನದಲ್ಲ, ಪ್ಲೇಯರಿನ ಲೆನ್ಸಿನದು. ಎಷ್ಟೋ ನಿರಪರಾಧಿ ಡಿಸ್ಕುಗಳು ಈ ಕಾರಣಕ್ಕೆ ಉಜ್ಜಿಸಿಕೊಂಡಿವೆ, ಕಸಕ್ಕೂ ಹೋಗಿವೆ. ಗದ್ದೆಯಲ್ಲಿ ಹಕ್ಕಿ ಬೆದರಿಸಲು ದಾರ ಕಟ್ಟಿ ತೂಗಿಬಿಡುವ ಮುನ್ನ ಒಂದು ಸಲ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮನಸ್ಸಿನ ಮುಖ್ಯ ಮಾತಿಗೆ ಬರುತ್ತೇನೆ. ಬರೆಸಿದ ಡಿಸ್ಕನ್ನು ಶುಚಿ ಮಾಡುವುದು ಅದನ್ನು ಮತ್ತೆ ಕಪಾಟಿನಲ್ಲಿಡುವುದಕ್ಕಲ್ಲ. ಒಂದು ಸಲ, ಪೂರ್ತಿಯಾಗಿ ಓದಿಸಿ, ಪ್ರತಿ ತೆಗೆದುಕೊಳ್ಳುವುದಕ್ಕೆ. ಬಣ್ಣದ ಪದರ ನೀವು ಒರೆಸಿದರೂ ಒರೆಸದಿದ್ದರೂ ಮಾಸುತ್ತಲೇ ಇದೆ. ತೇವವೂ ಸೆಕೆಯೂ ಆ ಮಾಸುವಿಕೆಯನ್ನು ಚುರುಕುಗೊಳಿಸುತ್ತವೆ. ಡ್ರೈವಿನ ಲೆನ್ಸ್, ಮೋಟಾರುಗಳೂ ಹಳೆಯವಾಗುತ್ತಿವೆ, ಹೆಚ್ಚಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವೇ ಇಲ್ಲ. ಯು.ಎಸ್.ಬಿ.ಗೆ ಸಿಕ್ಕಿಸುವ ಹೊರಗಿನ ಡಿ.ವಿ.ಡಿ. ಡ್ರೈವ್ ಇನ್ನೂ ಸಿಗುತ್ತದೆ. ಒರೆಸಿದ ದಿನವೇ ಓದಿಸಿ. ವೇಗವನ್ನು ಕಡಿಮೆ ಮಾಡಿದರೆ ಕೆಲವು ಡಿಸ್ಕುಗಳು ಮಾತು ಕೇಳುತ್ತವೆ. ಒಂದು ಡ್ರೈವ್ ಓದದ ಜಾಗವನ್ನು ಇನ್ನೊಂದು ಓದುವುದೂ ಉಂಟು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಓದಲಾಗದ ಜಾಗಗಳ ಪಟ್ಟಿ ಇಟ್ಟುಕೊಂಡು, ಡ್ರೈವ್ ಬದಲಿಸಿ ಮತ್ತೆ ಕೊಟ್ಟಾಗ ಆ ಜಾಗಗಳನ್ನಷ್ಟೇ ಮತ್ತೆ ಪ್ರಯತ್ನಿಸುತ್ತದೆ. ಡಿ.ವಿ.ಡಿ.ಗೂ ಎಂಪಿ3 ತುಂಬಿದ ಸಿ.ಡಿ.ಗೂ ಅದು ಸರಿ. ಹಾಡಿನ ಆಡಿಯೋ ಸಿ.ಡಿ.ಗೆ ಎಕ್ಸಾಕ್ಟ್ ಆಡಿಯೋ ಕಾಪಿ ಇದೆ, ಅನುಮಾನ ಬಂದ ಜಾಗವನ್ನು ಅದು ಮತ್ತೆ ಮತ್ತೆ ಓದಿ ಹೋಲಿಸಿ ನೋಡುತ್ತದೆ. ನಿಮಗೆ ಇದು ತಿಳಿಯದಿದ್ದರೆ ಮನೆಯ ಕಾಲೇಜು ಮಕ್ಕಳಿಗೆ ಹೇಳಿ, ಸಂಜೆಯೊಳಗೆ ಕಲಿತು ಮಾಡಿಕೊಡುತ್ತಾರೆ.

ಹಳೆಯ ಮದುವೆಗಳ ವಿ.ಸಿ.ಡಿ. ಇದ್ದವರು ಸ್ವಲ್ಪ ಹೆಚ್ಚು ಅವಸರ ಮಾಡಬೇಕು. ಕಂಪ್ಯೂಟರ್ ಕಡತಗಳಿರುವ ಸಿ.ಡಿ.ಯಲ್ಲಿ ನಾನು ಹೇಳಿದ ಗಣಿತದ ಮೇಲೆ ಇನ್ನೊಂದು ಸುತ್ತು ತಿದ್ದುವ ಕಾವಲಿರುತ್ತದೆ. ವಿ.ಸಿ.ಡಿ.ಯಲ್ಲಿ ಚಿತ್ರಕ್ಕೆ ಹೆಚ್ಚು ಜಾಗ ಸಿಗಲೆಂದು ಆ ಎರಡನೆಯ ಕಾವಲನ್ನು ಬಿಟ್ಟಿದ್ದಾರೆ. ಅದೇ ಗೀರು ವಿ.ಸಿ.ಡಿ.ಗೆ ಹೆಚ್ಚು ನೋವು ಮಾಡುತ್ತದೆ.

ಪ್ರತಿ ತೆಗೆದ ಮೇಲೂ ಡಿಸ್ಕನ್ನು ಎಸೆಯಬೇಡಿ. ಗಟ್ಟಿ ಡಬ್ಬಿಯಲ್ಲಿ, ಪುಸ್ತಕದ ಹಾಗೆ ನಿಲ್ಲಿಸಿ, ಕತ್ತಲೆಯ ಒಣ ಜಾಗದಲ್ಲಿಡಿ. ಹೆಸರು, ತಾರೀಕು ಬರೆಯುವುದಿದ್ದರೆ ನಡುವಿನ ರಂಧ್ರದ ಸುತ್ತ ಬರಹವಿಲ್ಲದ ಪಾರದರ್ಶಕ ಪಟ್ಟಿ ಇದೆ, ಅಲ್ಲಿ ನೀರಿನ ಶಾಯಿಯ ಮೆದು ಮಾರ್ಕರಿನಿಂದ ಬರೆಯಿರಿ.

ಕೊನೆಗೆ ನೆರೆ ಬಂದ ಊರುಗಳವರಿಗೆ. 2018ರಲ್ಲಿ ಕೊಡಗಿನಲ್ಲಿ, ಮರುವರ್ಷ ಬೆಳಗಾವಿ, ಬಾಗಲಕೋಟೆಗಳಲ್ಲಿ ಕೆಸರು ನೀರು ಮನೆಗಳೊಳಗೆ ನುಗ್ಗಿದಾಗ ಫೋಟೋ ಆಲ್ಬಮ್ಮುಗಳು ಕರಗಿ ಹೋದವು. ಕೆಸರಿನಲ್ಲಿ ಸಿಕ್ಕ ಡಿಸ್ಕು ಆಲ್ಬಮ್ಮಿನಷ್ಟು ಬೇಗ ಸೋಲುವುದಿಲ್ಲ, ನಾವು ಅವಸರಪಟ್ಟು ಒರೆಸದಿದ್ದರೆ. ಕೆಸರು ಒಣಗುವ ಮುಂಚೆ ಡಬ್ಬಿಯಿಂದ ಬಿಡಿಸಿ, ಕೈ ತಾಗಿಸದೆ ಹರಿಯುವ ಶುದ್ಧ ನೀರಿಗೆ ಹಿಡಿಯಿರಿ, ಮಣ್ಣು ತಾನಾಗಿ ಜಾರಿ ಹೋಗುವವರೆಗೂ. ಒಂದಕ್ಕೊಂದು ತಾಗದಂತೆ ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಫ್ಯಾನಿನ ಗಾಳಿ ಸಾಕು, ಹೇರ್ ಡ್ರೈಯರ್ ಬೇಡ. ಒಣಗಿದ ಮೇಲೆ ಮೊದಲು ಕಂಪ್ಯೂಟರಿಗೆ ಹೋಗಬೇಕಾದ್ದು ಮನೆಯಲ್ಲಿ, ಸ್ಟುಡಿಯೋದಲ್ಲಿ ಬರೆಸಿದ ಡಿಸ್ಕುಗಳು. ಸಿನಿಮಾ, ಹಾಡಿನವು ಮರುದಿನಕ್ಕೆ ಇರಲಿ.